ಅಂಜನಾದ್ರಿ ಮೆಟ್ಟಿಲು ಯಾವಾಗ ಹತ್ತಲಿ?

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ಜಾತ್ರೆಯ ಕಬಡ್ಡಿಯಲ್ಲಿ ಮೊಣಕಾಲು ತಿರುಚಿ ಎಸಿಎಲ್ ಲಿಗಮೆಂಟ್ (ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ಪಟ್ಟಿ) ಹರಿಯಿತು. ಹೊಸದು ಕೂರಿಸುವ ಆಪರೇಷನ್ ಆಗಿ 10 ವಾರ. ಈಗ ನೋವೇ ಇಲ್ಲ, ಗದ್ದೆಗೂ ಹೋಗಿ ಬರುತ್ತೇನೆ. ಬಸ್ಕಿ ಹೊಡೆದರೆ ಕಾಲು ಗಟ್ಟಿಯಾಗುತ್ತೆ ಅಂತ ಗೆಳೆಯರು ಜಿಮ್‌ಗೆ ಕರೆಯುತ್ತಿದ್ದಾರೆ. ನಾನು ನಡೆದಾಡುವಂತಾದರೆ ಅಂಜನಾದ್ರಿ ಹತ್ತಿಸುತ್ತೇನೆ ಅಂತ ಅವ್ವ ಹರಕೆ ಹೊತ್ತಿದ್ದಾಳೆ. ಹತ್ತಬಹುದಾ? ಕಬಡ್ಡಿ ಯಾವಾಗ?
– ಹೆಸರು ಬೇಡ, ಗಂಗಾವತಿ ತಾಲ್ಲೂಕು

ಉತ್ತರ: ತಮ್ಮಾ, ನೋವೇ ಇಲ್ಲ ಅಂದೆಯಲ್ಲ, ನನಗೆ ಹೆದರಿಕೆ ಅದೇ. ಬಳ್ಳಾರಿಯಲ್ಲಿ ವಾಲಿಬಾಲ್ ಆಡುವಾಗ ನಾನೂ ಇದೇ ಲಿಗಮೆಂಟ್ ಹರಿದುಕೊಂಡವಳು. ಆಗ ಫಿಸಿಯೊಥೆರಪಿ ಓದುತ್ತಿದ್ದೆ, ಎಲ್ಲ ಗೊತ್ತು ಅನ್ನೋ ಧಿಮಾಕು ಬೇರೆ. ಆಪರೇಷನ್ ಆದ ಮೂರನೇ ತಿಂಗಳಲ್ಲಿ ಬಸ್ ಹಿಡಿಯೋಕೆ ನಾಲ್ಕು ಹೆಜ್ಜೆ ಓಡಿದೆ. ಓಡುವಾಗ ಏನೂ ಆಗಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮೊಣಕಾಲು ಊದಿ ಚಿಪ್ಪೇ ಕಾಣುತ್ತಿರಲಿಲ್ಲ.

ಒಳಗೆ ಆಗಿರುವುದು ಇಷ್ಟು. ಸಾಮಾನ್ಯವಾಗಿ ನಿನ್ನದೇ ತೊಡೆಯ ಹಿಂದಿನ ಸ್ನಾಯುವಿನ ಎಳೆ ತೆಗೆದು ಅಲ್ಲಿ ಕೂರಿಸಿರುತ್ತಾರೆ. ಕೂರಿಸಿದ ದಿನ ಅದು ಗಟ್ಟಿಯೇ. ಆಮೇಲೆ ಹೊಸ ರಕ್ತನಾಳ ಬೆಳೆಯುವ ಹೊತ್ತಿಗೆ ಮೆತ್ತಗಾಗುತ್ತೆ. 6ರಿಂದ 12 ವಾರ, ಅಂದರೆ ನೀನು ಈಗ ಇರುವ ಹೊತ್ತು, ತೀರಾ ನಾಜೂಕು. ನಾಟಿ ಮಾಡಿದ ಭತ್ತದ ಸಸಿ ಬೇರು ಹಿಡಿಯೋ ಮುಂಚೆ ಎಳೆದರೆ ಕೈಗೇ ಬರುತ್ತಲ್ವಾ, ಹಾಗೆ. ಅದಕ್ಕೇ ಗದ್ದೆಯ ಬದು ಸದ್ಯ ಬೇಡ. ಒಂದು ಕಾಲು ಜಾರಿ ಮೈ ತಿರುಗಿದರೆ ಮುಗೀತು.

ಬಸ್ಕಿ, ಕುಕ್ಕರಗಾಲಲ್ಲಿ ಕೂರೋದು, ಜಿಮ್‌ನಲ್ಲಿ ಭಾರ ಕಟ್ಟಿ ಕಾಲು ಒದೆಯೋ ಮಷೀನು, ಮೂರೂ ಈಗ ಬೇಡ. ಚಾಪೆ ಮೇಲೆ ಕಾಲು ಚಾಚಿ ಕೂತು ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಡು. ಮೊಣಕಾಲಿನ ಹಿಂಭಾಗ ನೆಲದ ಕಡೆ ಒತ್ತುವಂತೆ ತೊಡೆ ಬಿಗಿ ಮಾಡು. 5 ಎಣಿಸಿ ಬಿಡು. ಚಿಪ್ಪಿನ ಮೇಲೆ ಬೆರಳಿಟ್ಟು ನೋಡು, ಅದು ಮೇಲಕ್ಕೆ ಸರಿಯಬೇಕು. ಸರಿಯದಿದ್ದರೆ ತೊಡೆ ಇನ್ನೂ ಮಲಗಿದೆ ಅಂತ ಅರ್ಥ. ನನಗೆ ಅದನ್ನು ಎಬ್ಬಿಸೋಕೇ ಮೂರು ವಾರ ಹಿಡಿಯಿತು, ಅಷ್ಟು ಬೇಜಾರಿನ ಕೆಲಸ. ಇದಾದ ಮೇಲೆ ಎತ್ತರದ ಕುರ್ಚಿಯಿಂದ ಎದ್ದು ಕೂರುವುದು, ಸೀಟು ಎತ್ತರಿಸಿ ನಿಂತಲ್ಲೇ ತುಳಿಯುವ ಸೈಕಲ್. ಯಾವುದು ಎಷ್ಟು ಅಂತ ನಿನ್ನನ್ನು ನೋಡುತ್ತಿರುವ ಫಿಸಿಯೊ ಹೇಳಲಿ. ಆಪರೇಷನ್ ಮಾಡಿದವರು ಏನು ಹೊಲಿದಿದ್ದಾರೆ ಅನ್ನೋದು ಅವರ ಚೀಟಿಯಲ್ಲಿರುತ್ತೆ, ನನ್ನ ಹತ್ತಿರ ಅಲ್ಲ.

ದಿನಾ ಬೆಳಿಗ್ಗೆ ಟೈಲರ್ ಟೇಪು ಹಿಡಿದು ಚಿಪ್ಪಿನ ಸುತ್ತ ಅಳೆದು ಗೋಡೆ ಕ್ಯಾಲೆಂಡರ್‌ನಲ್ಲಿ ಬರಿ. ನಿನ್ನೆಗಿಂತ ಒಂದು ಸೆಂಟಿಮೀಟರ್ ಜಾಸ್ತಿಯಾಗಿದ್ದರೆ ನಿನ್ನೆ ಮಾಡಿದ್ದು ಅತಿಯಾಯಿತು. ಅವತ್ತು ಕಮ್ಮಿ ಮಾಡು. ಮೀನಖಂಡ ಊದಿ ಬಿಸಿಯಾಗಿ ನೋವು ಬಂದರೆ, ಉಸಿರು ಕಟ್ಟಿದರೆ, ಎಣ್ಣೆ ಹಚ್ಚುತ್ತಾ ಕೂರಬೇಡ, ಆಸ್ಪತ್ರೆಗೆ ಓಡಿಸಲು ಹೇಳು. ಅದು ರಕ್ತ ಹೆಪ್ಪುಗಟ್ಟಿರಬಹುದು.

ಕಬಡ್ಡಿ 9 ತಿಂಗಳಿಗಿಂತ ಮುಂಚೆ ಇಲ್ಲ. ಅಷ್ಟೊತ್ತಿಗೂ ಈ ತೊಡೆಯ ಶಕ್ತಿ ಆ ತೊಡೆಯ ನೂರಕ್ಕೆ 90ರಷ್ಟಾದರೂ ಬಂದಿರಬೇಕು. 2016ರ ನಾರ್ವೆಯ ಅಧ್ಯಯನವೊಂದರಲ್ಲಿ, 9 ತಿಂಗಳವರೆಗೆ ತಡಮಾಡಿದ ಒಂದೊಂದು ತಿಂಗಳಿಗೂ ಮತ್ತೆ ಗಾಯವಾಗುವುದು ಸುಮಾರು ಅರ್ಧಕ್ಕೆ ಇಳಿದಿತ್ತು.

ಇನ್ನು ಅಂಜನಾದ್ರಿ. 575 ಮೆಟ್ಟಿಲು ಹತ್ತುವ ಲೆಕ್ಕ ಎಲ್ಲರೂ ಹಾಕುತ್ತಾರೆ, ಇಳಿಯುವ 575 ಮರೆಯುತ್ತಾರೆ. ಹತ್ತುವಾಗ ದಮ್ಮು, ಇಳಿಯುವಾಗ ತೊಡೆ ಬ್ರೇಕ್ ಹಾಕಬೇಕು. ದಣಿದ ಕಾಲು ಅಲ್ಲೇ ಮೋಸ ಮಾಡೋದು. ಈ ಸಲ ಹರಕೆ ನಿಮ್ಮವ್ವ ತೀರಿಸಲಿ. ನೀನು ಕೆಳಗೆ ನೆರಳಲ್ಲಿ ಕೂತು ಅವರ ಚಪ್ಪಲಿ ಕಾಯಿ.