ವೀರಗಲ್ಲಿಗೆ ಪೇಂಟ್ ಬೇಡ

ದೊಡ್ಡಬಳ್ಳಾಪುರದ ಹತ್ತಿರ ನಿಮ್ಮೂರ ಕೆರೆ ಏರಿಯ ವೀರಗಲ್ಲಿಗೆ, ಅಕ್ಷರ ಕಾಣಲಿ ಅಂತ ಬಿಳಿ ಪೇಂಟ್ ತುಂಬಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಹಚ್ಚುವವರು ತಮಗೆ ತೋಚಿದಂತೆ ಗೆರೆ ಎಳೀತಾರೆ, ಆಮೇಲೆ ಮೂಲ ಅಕ್ಷರ ಯಾವುದೆಂದು ಓದುವವರಿಗೇ ಗೊತ್ತಾಗಲ್ಲ.

ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಹಗಲಲ್ಲಿ ಸವೆದಂತಿರುವ ಸಾಲೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಬೆಳಕಿನ ದಿಕ್ಕು ಬದಲಿಸುತ್ತಾ ನಾಲ್ಕೈದು ಫೋಟೋ ತೆಗೆಯಿರಿ. ಆಮೇಲೆ ಶಾಸನಗಳ ಪಾಠ ಅಚ್ಚಾಗಿರುವ ಗ್ರಂಥಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ (1905) ನೋಡಿ. ಅದನ್ನು ಸಂಪಾದಿಸಿದ ಬಿ.ಎಲ್. ರೈಸ್ ಕಾಲದಲ್ಲೇ ನಿಮ್ಮ ಕಲ್ಲನ್ನು ಓದಿಟ್ಟಿರಬಹುದು, ಸುಮ್ನೆ ಎರಡು ಸಲ ಯಾಕೆ ಕಷ್ಟಪಡೋದು ಅಲ್ವಾ?

ಕಲ್ಲನ್ನು ಗುಡಿಗೆ ಸಾಗಿಸುವ ಮಾತು ಬಂದರೆ ತಡೆಯಿರಿ. ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿಗೆ ಹೆಬ್ಬಾಳದಲ್ಲೇ ಮಂಟಪ ಕಟ್ಟಿದ್ದಾರೆ. ಊರವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.