ಪ್ರಿಂಟರ್ ಕೊಂಡಿದ್ದು ನಾನು, ಇಂಕ್ ಮಾತ್ರ ಕಂಪನಿಯದ್ದೇ ಹಾಕಬೇಕಂತೆ. ಹಾಗಾದರೆ ಅದು ನಿಜವಾಗಿ ನನ್ನದೇ?

ನೀವು ಬರೆದಿರುವುದು ಇಷ್ಟು: ಪೂರ್ತಿ ದುಡ್ಡು ಕೊಟ್ಟು ಪ್ರಿಂಟರ್ ತಂದಿರಿ. ಮನೆಗೆ ಬಂದು ಆನ್ ಮಾಡಿದಾಗ ಉದ್ದದ ಷರತ್ತುಗಳು ಬಂದವು, 'ಒಪ್ಪಿದ್ದೇನೆ' ಒತ್ತಿದಿರಿ. ಆರು ತಿಂಗಳ ಮೇಲೆ ರಿಫಿಲ್ ಇಂಕ್ ಹಾಕಿದರೆ ಓಡುವುದೇ ಇಲ್ಲ. ಅದು ನಿಮ್ಮದೋ, ಕಂಪನಿಯದೋ?

ಯಂತ್ರ ನಿಮ್ಮದೇ. ಅದರ ಬೀಗದ ಕೈ ಮಾತ್ರ ನಿಮಗೆ ಕೊಟ್ಟಿಲ್ಲ. ಇಂಥದ್ದನ್ನು ಮಾರಾಟ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ನಮ್ಮದು ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಟೈಪಿಂಗ್, ಝೆರಾಕ್ಸ್ ಅಂಗಡಿ. ಬೆಳಗಾದರೆ ಕ್ರಯಪತ್ರ, ಭೋಗ್ಯಪತ್ರ, ಬಾಡಿಗೆ ಕರಾರು. ಹಳೇ ಪತ್ರಬರಹಗಾರರು ಈಗಲೂ ಕ್ರಯಪತ್ರದಲ್ಲಿ 'ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯವೆಂಬ ಅಷ್ಟಭೋಗ ತೇಜಸ್ವಾಮ್ಯ' ಎಂದು ಬರೆಸುತ್ತಾರೆ. ನಮ್ಮ ಶಾಸನಗಳ ಕಾಲದಿಂದ ಬಂದ ಮಾತು ಅದು. ನೆಲದೊಳಗೆ ಹೂತಿಟ್ಟ ಹಣದಿಂದ ಹಿಡಿದು ಮುಂದೆ ಬರಬಹುದಾದ ಉತ್ಪತ್ತಿಯವರೆಗೆ ಎಲ್ಲವೂ ಕೊಂಡವನಿಗೆ. ಆಮೇಲೆ 'ಸುಖವಾಗಿ ಅನುಭವಿಸಿಕೊಂಡು ಬರತಕ್ಕದ್ದು'. ಭೋಗ್ಯವಾದರೆ ಹಾಗಲ್ಲ, ಸಾಲ ತೀರಿದ ದಿನ ಬಿಟ್ಟುಕೊಡಬೇಕು. ಓದಲು ಬಾರದ ಮುದುಕರೂ ಹೆಬ್ಬೆಟ್ಟು ಒತ್ತುವ ಮುಂಚೆ ಕೇಳುವುದು ಒಂದೇ ಪ್ರಶ್ನೆ: 'ಇದು ಕ್ರಯವೋ, ಭೋಗ್ಯವೋ?' ಪ್ರಿಂಟರ್ ಅಂಗಡಿಯಲ್ಲಿ ಈ ಪ್ರಶ್ನೆ ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆ. ಒಂದು ಕುಟುಂಬದ ಏಳು ಜನ ವಿಭಾಗಪತ್ರಕ್ಕೆ ಬಂದು ಕೂತಿದ್ದರು. ಡಾಕ್ಯುಮೆಂಟ್ ಶೀಟ್ ಟ್ರೇಗೆ ಹಾಕಿ ಪ್ರಿಂಟ್ ಕೊಟ್ಟರೆ ಪುಟವೇ ಬರಲಿಲ್ಲ. ಪುಟ್ಟ ಪರದೆಯ ಮೇಲೆ, ಈ ಕಾರ್ಟ್ರಿಜ್ ನಡೆಯುವುದಿಲ್ಲ ಎಂಬ ಒಂದು ಸಾಲು. ಶನಿವಾರ ಸಂಜೆಯವರೆಗೆ ಅದೇ ರಿಫಿಲ್ ಇಂಕಿನ ಕಾರ್ಟ್ರಿಜ್‌ನಲ್ಲಿ ಓಡಿದ ಯಂತ್ರ. ಭಾನುವಾರ ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಕಾರ್ಟ್ರಿಜ್ ಈಚೆ ತೆಗೆದು ನೋಡಿದೆ. ಬೆನ್ನ ಮೇಲೆ ಕಿರುಬೆರಳಿನ ಉಗುರಿನಷ್ಟು ಚಿಪ್, ಅದರ ಮೇಲೆ ತಾಮ್ರದ ಚುಕ್ಕಿಗಳು. ಒಳಗೆ ಇಂಕ್ ತುಂಬಿತ್ತು, ಒತ್ತಿದರೆ ಬೆರಳಿಗೆ ಕಪ್ಪು ಹತ್ತುತ್ತಿತ್ತು. ಆದರೂ 'ನಡೆಯುವುದಿಲ್ಲ'. ಪೆಟ್ಟಿಗೆ ಹುಡುಕಿ ತಿರುಗಿಸಿ ತಿರುಗಿಸಿ ಓದಿದೆ, ಇಂಕ್ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಷರತ್ತು ಇದ್ದದ್ದು ಕಂಪನಿಯ ವೆಬ್‌ಸೈಟಿನಲ್ಲಿ, ಅದೂ ಇಂಗ್ಲಿಷಿನಲ್ಲಿ. ಆ ಕುಟುಂಬವನ್ನು ಪಕ್ಕದ ಅಂಗಡಿಗೆ ಕಳಿಸಬೇಕಾಯಿತು. ಆ ದಿನದ ಸಂಕಟ ನನಗೆ ಇನ್ನೂ ಹೋಗಿಲ್ಲ.

ಅಂಗಡಿಗೆ ಬರುವ ವಕೀಲರನ್ನೆಲ್ಲ ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಈ ಜಗಳ ಹಳೆಯದು. ಅಮೆರಿಕದಲ್ಲಿ ಒಬ್ಬ ಪ್ರಕಾಶಕ, ಈ ಪುಸ್ತಕವನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಕಾಪಿರೈಟ್ ಉಲ್ಲಂಘನೆ ಎಂದು ಒಳಪುಟದಲ್ಲೇ ಅಚ್ಚು ಹಾಕಿಸಿದ್ದ. ಮೇಸೀಸ್ ಅಂಗಡಿ 89 ಸೆಂಟ್‌ಗೆ ಮಾರಿತು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಗಡಿಯ ಪರ ನಿಂತಿತು: ಒಮ್ಮೆ ಮಾರಿದ ಪ್ರತಿಯ ಮುಂದಿನ ಬೆಲೆಯನ್ನು ಪ್ರಕಾಶಕ ಕಟ್ಟಿಹಾಕುವಂತಿಲ್ಲ. 2017ರಲ್ಲಿ ನಮ್ಮ ನಿಮ್ಮ ಕಾರ್ಟ್ರಿಜ್ ವಿಷಯವೇ ಅದೇ ಕೋರ್ಟಿಗೆ ಹೋಯಿತು. ಲೆಕ್ಸ್‌ಮಾರ್ಕ್ ಎಂಬ ಪ್ರಿಂಟರ್ ಕಂಪನಿ ಸುಮಾರು ಶೇ 20 ರಿಯಾಯಿತಿಯಲ್ಲಿ ಕಾರ್ಟ್ರಿಜ್ ಕೊಟ್ಟು, ಒಂದೇ ಸಲ ಬಳಸಬೇಕು, ಖಾಲಿಯಾದದ್ದನ್ನು ನಮಗೇ ಕೊಡಬೇಕು ಎಂದು ಷರತ್ತು ಹಾಕಿತ್ತು. ಖಾಲಿ ಕಾರ್ಟ್ರಿಜ್ ಕೊಂಡು ತುಂಬಿಸಿ ಮಾರುತ್ತಿದ್ದ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯ ಮೇಲೆ ಪೇಟೆಂಟ್ ದಾವೆ ಹೂಡಿತು, ಸೋತಿತು. ಮಾರಿದ ಕ್ಷಣಕ್ಕೆ ಆ ವಸ್ತುವಿನ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತು ಎಂದಿತು ಕೋರ್ಟ್. ಆದರೆ ಒಂದು ಸಂದು ಉಳಿಯಿತು. ಕೊಂಡವನ ಜೊತೆ ಕಂಪನಿ ಮಾಡಿಕೊಂಡ ಕರಾರಿನ ದಾರಿಯನ್ನು ಕೋರ್ಟ್ ಮುಚ್ಚಲಿಲ್ಲ. 'ಒಪ್ಪಿದ್ದೇನೆ' ಗುಂಡಿ ಮುಖ್ಯವಾಗುವುದು ಅಲ್ಲೇ.

ನಮ್ಮ ದೇಶಕ್ಕೆ ಬನ್ನಿ. 1930ರ ಸರಕು ಮಾರಾಟ ಕಾಯ್ದೆಯ 14ನೇ ಕಲಂ ಓದಿದಾಗ ನನಗೆ ಮೈ ಜುಮ್ಮೆಂದಿತು. ಬೇರೆ ಉದ್ದೇಶ ಕಾಣದಿದ್ದರೆ, ಕೊಂಡವನು ಸರಕನ್ನು ನಿರಾತಂಕವಾಗಿ ಇಟ್ಟುಕೊಂಡು ಅನುಭವಿಸಬೇಕು ಎಂಬ ಭರವಸೆ ಪ್ರತಿ ಮಾರಾಟದಲ್ಲೂ ಅಡಕವಾಗಿರುತ್ತದೆ. ನಾನು ದಿನಾ ಟೈಪ್ ಮಾಡುವ 'ಸುಖವಾಗಿ ಅನುಭವಿಸಿಕೊಂಡು' ಅದೇ ತಾನೇ! ಚೀಟಿಯ ಮೇಲೆ ಅಚ್ಚಾದದ್ದೆಲ್ಲ ಕಾನೂನಲ್ಲ ಎಂಬುದೂ ಹೊಸದೇನಲ್ಲ. ಬಟ್ಟೆ ಕಳೆದುಹೋದರೆ ಬೆಲೆಯ ಶೇ 15 ಮಾತ್ರ ಕೊಡುತ್ತೇವೆ ಎಂಬ ಲಾಂಡ್ರಿ ಚೀಟಿಯ ಷರತ್ತನ್ನು 1960ರ ದಶಕದಲ್ಲೇ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ.

ಸಾಫ್ಟ್‌ವೇರ್ ಮಾತು ಸ್ವಲ್ಪ ಬೇರೆ. ಕೊಂಡದ್ದು ಪ್ರತಿಯೋ, ಬರೀ ಪರವಾನಗಿಯೋ ಎಂಬ ಪ್ರಶ್ನೆ ಆದಾಯ ತೆರಿಗೆಯ ವ್ಯಾಜ್ಯವಾಗಿ ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ದೆಹಲಿಗೆ ಹೋಗಿತ್ತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್, ಪರವಾನಗಿ ಎಂಬ ಹೆಸರಿದ್ದರೂ ಬಳಕೆದಾರನಿಗೆ ಸಿಗುವುದು ಒಂದು ಪ್ರತಿ, ಅದು ಸರಕಿನ ಮಾರಾಟ, ಕಾಪಿರೈಟ್ ಅವನಿಗೆ ಬರುವುದಿಲ್ಲ ಎಂದಿತು. ತೆರಿಗೆಗಾಗಿ ಬಂದ ತೀರ್ಪು, ನಮ್ಮ ರಿಫಿಲ್‌ಗೆ ನೇರ ಉತ್ತರ ಅಲ್ಲ. ಆದರೂ ಹೆಸರು ನೋಡದೆ ವ್ಯವಹಾರ ನೋಡಿದರಲ್ಲ, ಅದು ನನಗೆ ಸಮಾಧಾನ. ಇ-ಬುಕ್‌ನಂಥ ಬರೀ ಡಿಜಿಟಲ್ ಸಾಮಾನಿನಲ್ಲಿ ನಮ್ಮ ಸ್ಥಿತಿ ಇನ್ನೂ ಬಡ. 2009ರಲ್ಲಿ ಅಮೆಜಾನ್, ಮಾರಿದವರಿಗೇ ಹಕ್ಕಿರಲಿಲ್ಲ ಎಂದು ಎರಡು ಕಾದಂಬರಿಗಳನ್ನು ಓದುಗರ ಕಿಂಡಲ್ ಎಂಬ ಇ-ಬುಕ್ ಓದುವ ಯಂತ್ರದಿಂದಲೇ ಅಳಿಸಿ ಹಣ ವಾಪಸ್ ಹಾಕಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಇದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ಇಂಥವನ್ನು 'ಖರೀದಿಸಿ' ಎಂದು ಮಾರುವಂತಿಲ್ಲ. ನಮ್ಮಲ್ಲೂ ಅಂಥದ್ದು ಬರಬೇಕು, ಪ್ರಿಂಟರ್ ಪೆಟ್ಟಿಗೆಗೂ ಸೇರಿಸಿ, ಕನ್ನಡದಲ್ಲೂ ಬರೆದು.

ಈಗ ನೀವು ಮಾಡಬೇಕಾದ್ದು: ಬಿಲ್ಲು, ಪೆಟ್ಟಿಗೆಯ ಆರೂ ಮುಖಗಳ ಫೋಟೊ, ಪರದೆಯ ಮೇಲಿನ ಸಂದೇಶದ ಫೋಟೊ ತಾರೀಖಿನ ಸಮೇತ ಇಟ್ಟುಕೊಳ್ಳಿ. ಮೊದಲು ಮಾರಿದವರಿಗೂ ಕಂಪನಿಗೂ ಬರವಣಿಗೆಯಲ್ಲಿ ದೂರು ಕೊಡಿ, ನಂತರ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಅನ್ಯಾಯದ ಕರಾರು' ಎಂಬುದೇ ಒಂದು ಬಾಬ್ತು. ಗ್ರಾಹಕನಿಗೆ ನಷ್ಟ ತರುವ ಅಸಮಂಜಸ ಷರತ್ತು ಅದರಡಿ ಬರುತ್ತದೆ, ಅದನ್ನು ರಾಜ್ಯ ಗ್ರಾಹಕ ಆಯೋಗ ರದ್ದು ಮಾಡಬಹುದು. ದೂರಿಗೆ ಎರಡು ವರ್ಷದ ಗಡುವಿದೆ, ತಡಮಾಡಬೇಡಿ. ಗೆಲುವು ಖಂಡಿತ ಎಂದು ನಾನು ಹೇಳಲಾರೆ, ನಾನು ವಕೀಲನಲ್ಲ. ಆದರೆ ದುಡ್ಡು ಕೊಟ್ಟ ಮೇಲೆ ತೋರಿಸಿದ ಷರತ್ತಿಗೆ ತಲೆಬಾಗಿ ಸುಮ್ಮನಿರಬೇಡಿ.

ನನ್ನ ಪ್ರಿಂಟರ್ ಕಥೆಯನ್ನೂ ಹೇಳಿಬಿಡುತ್ತೇನೆ. ಅದನ್ನು ಮನೆಪಾಠ ಹೇಳುವ ಒಬ್ಬ ಮೇಡಂಗೆ ಮಾರಿದೆ. ಚೀಟಿಯಲ್ಲಿ ಕನ್ನಡದಲ್ಲೇ ಬರೆದೆ: 'ಇದಕ್ಕೆ ರಿಫಿಲ್ ಇಂಕ್ ನಡೆಯುವುದಿಲ್ಲ, ಕಂಪನಿ ಕಾರ್ಟ್ರಿಜ್ಜೇ ಹಾಕಬೇಕು.' ಅವರು ಎರಡು ಸಲ ಓದಿ, 'ಹಾಗಿದ್ದರೆ ಎಂಟುನೂರು ಕಮ್ಮಿ ಮಾಡಿ ಅಣ್ಣ' ಅಂದರು. ಮಾಡಿದೆ.