ಮರೀನ್ ಡ್ರೈವ್ ನೋಡಿ ಮನೆ ಹುಡುಕಬೇಡಿ

ಕುಂದಾಪುರದಿಂದ ಅಂಧೇರಿ ಪೂರ್ವದ ಆಫೀಸಿಗೆ ಬರಲಿರುವ ನೀವು ಕೇಳಿದ್ದು ಮೂರು: ಸಿನಿಮಾ, ವೆಬ್ ಸೀರೀಸ್‌ಗಳಲ್ಲಿ ಕಾಣುವ ಮುಂಬಯಿ ಎಷ್ಟು ನಿಜ, ಸಮುದ್ರದ ಹತ್ತಿರ ಸಣ್ಣ ಫ್ಲ್ಯಾಟ್ ಸಿಕ್ಕೀತೇ, ಒಬ್ಬಳೇ ರಾತ್ರಿ ಓಡಾಡಬಹುದೇ.

ಮೂರನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಓಡಾಡಬಹುದು. ರಾತ್ರಿ ಹೊತ್ತು ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಪೊಲೀಸರಿರುತ್ತಾರೆ, ರೈಲ್ವೆ ಸಹಾಯವಾಣಿ 139. ಮನೆಯವರು ಹೆದರುತ್ತಿರುವುದು ಪರದೆಯ ಮೇಲಿನ ಭೂಗತ ಲೋಕಕ್ಕೆ ಇರಬೇಕು. ಹುಷಾರಾಗಿರಬೇಕಾದ್ದು ಬಾಗಿಲ ಬಳಿ ನಿಂತು ಕೈಯಲ್ಲಿ ಹಿಡಿದ ಮೊಬೈಲಿನ ವಿಷಯದಲ್ಲಿ. ಗಾಡಿ ನಿಧಾನವಾಗುವ ಜಾಗದಲ್ಲಿ ಹಳಿ ಪಕ್ಕ ನಿಂತವರು ಕೋಲಿನಿಂದ ಕೈಗೆ ಹೊಡೆದು ಫೋನು ಬೀಳಿಸುತ್ತಾರೆ. ಫಟ್ಕಾ ಗ್ಯಾಂಗ್ ಅಂತಲೇ ಇವರಿಗೆ ಹೆಸರು.

ಇನ್ನು ಸಿನಿಮಾ. ಅದರಲ್ಲಿ ಇಲ್ಲದ್ದು ದಾರಿಯ ಹೊತ್ತು. ನಾಯಕಿ ಬಾಂದ್ರಾದ ಮನೆಯಿಂದ ಹೊರಡುತ್ತಾಳೆ, ಮುಂದಿನ ಶಾಟ್‌ನಲ್ಲಿ ದಕ್ಷಿಣ ತುದಿಯ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿ ಎದುರು ಇರುತ್ತಾಳೆ. ನಡುವಿನ ಒಂದು ಗಂಟೆಯನ್ನು ಎಡಿಟರ್ ಕತ್ತರಿಸಿರುತ್ತಾನೆ. ನಮಗೆ ಕತ್ತರಿಸಿಕೊಡುವವರು ಯಾರೂ ಇಲ್ಲ. ಒಳಗಿನ ದೃಶ್ಯದ ಮನೆ ಅಷ್ಟು ದೊಡ್ಡದಾಗಿ ಕಾಣುವುದಕ್ಕೂ ಕಾರಣವಿದೆ. ಅಂಥ ಮನೆಗಳು ಎಷ್ಟೋ ಸಲ ಗೋರೆಗಾಂವ್ ಫಿಲ್ಮ್ ಸಿಟಿಯಂಥ ಕಡೆ ಹಾಕಿದ ಸೆಟ್. ಕ್ಯಾಮೆರಾ ಹಿಂದೆ ಸರಿಯಲು ಒಂದು ಗೋಡೆಯನ್ನೇ ತೆಗೆಯುತ್ತಾರೆ. ನಿಮಗೆ ಸಿಗುವ ಒಂದು ಬಿಎಚ್‌ಕೆಯಲ್ಲಿ ನಾಲ್ಕೂ ಗೋಡೆ ಇರುತ್ತವೆ, ಎಲ್ಲ ಸೇರಿ 350–450 ಚದರ ಅಡಿ ಕಾರ್ಪೆಟ್, ಅಂದರೆ ಗೋಡೆಗಳ ಒಳಗಿನ ನೆಲ. ಪರದೆಯಲ್ಲಿ ಇನ್ನೂ ಓಡುವ ಪದ್ಮಿನಿ ಟ್ಯಾಕ್ಸಿ, ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸು ಎರಡೂ 2023ರಲ್ಲೇ ರಸ್ತೆಯಿಂದ ಹೋದವು. ಆಟೋ ಕೂಡ ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಬರುವುದಿಲ್ಲ.

ಹಾಗಾಗಿ ಸಮುದ್ರ ಬಿಡಿ, ರೈಲ್ವೆ ಲೈನ್ ನೋಡಿ ಮನೆ ಹುಡುಕಿ. ಅಂಧೇರಿ ಪೂರ್ವಕ್ಕೆ ಎರಡು ದಾರಿ. ವೆಸ್ಟರ್ನ್ ಲೈನಿನಲ್ಲಿ ಬೋರಿವಲಿ, ಮೀರಾ ರೋಡ್ ಕಡೆಯಿಂದ ನೇರ ಅಂಧೇರಿ. ಸೆಂಟ್ರಲ್ ಲೈನಿನಲ್ಲಿ ಠಾಣೆ, ಮುಲುಂಡ್ ಕಡೆಯಿಂದ ಘಾಟ್ಕೋಪರ್‌ಗೆ ಬಂದು ಅಲ್ಲಿಂದ ಮೆಟ್ರೋ. ಆಫೀಸು ಮರೋಳ್ ನಾಕಾ, ಚಕಾಲಾ ಆಸುಪಾಸಿನಲ್ಲಿದ್ದರೆ ಎರಡನೆಯದೇ ಮೇಲು, ಘಾಟ್ಕೋಪರ್ ಮೆಟ್ರೋ ಮೆಟ್ಟಿಲ ಮೇಲಿನ ಜನಜಂಗುಳಿ ಸಹಿಸಬೇಕು ಅಷ್ಟೆ. ಬಾಡಿಗೆ ಕಡಿಮೆ ಅಂತ ನವಿ ಮುಂಬಯಿಯ ಒಳಕ್ಕೆ ಹೋದರೆ ದಿನಕ್ಕೆ ನಾಲ್ಕು ಸಲ ಗಾಡಿ ಬದಲಿಸಬೇಕಾಗುತ್ತದೆ. ನನ್ನ ಮಟ್ಟಿಗೆ ಅದು ಉಳಿತಾಯವೇ ಅಲ್ಲ. ಸ್ಟೇಷನ್ನಿನ ಪೂರ್ವವೋ ಪಶ್ಚಿಮವೋ ಎಂಬುದನ್ನೂ ಕೇಳಿ. ತಪ್ಪು ಬದಿಯ ಮನೆಯೆಂದರೆ ದಿನಾ ಎರಡು ಸಲ ಸೇತುವೆ ಹತ್ತಿಳಿಯಬೇಕು, ಇಲ್ಲವೇ ಆಟೋದಲ್ಲಿ ಸುತ್ತಬೇಕು.

ಲೋಕಲ್ ಬಾಗಿಲಲ್ಲಿ ಗಾಳಿಗೆ ಕೂದಲು ಹಾರಿಸುವ ದೃಶ್ಯ ಬೆಳಿಗ್ಗೆ ಎಂಟರಿಂದ ಹತ್ತೂವರೆವರೆಗೆ ಸಾಧ್ಯವಿಲ್ಲ. ಪ್ಲಾಟ್‌ಫಾರ್ಮಿನ ಇಂಡಿಕೇಟರ್‌ನಲ್ಲಿ ಮೂರು ನೋಡಿ: ಗಾಡಿ ಎಲ್ಲಿಗೆ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಇದ್ದರೆ 'ಎಸ್' ಕೆಲವೇ ಕಡೆ ನಿಲ್ಲುವ ಫಾಸ್ಟ್ ಇದ್ದರೆ 'ಎಫ್', ಡಬ್ಬಿ 12ಓ 15ಓ. ಡಬ್ಬಿಗಳ ಲೆಕ್ಕ ಬದಲಾದರೆ ಮಹಿಳಾ ಡಬ್ಬಿ ನಿಲ್ಲುವ ಜಾಗವೂ ಬದಲಾಗುತ್ತದೆ. ಹೊಸಬರು ಗಾಡಿ ಬಂದ ಮೇಲೆ ಓಡುವುದು ಇದಕ್ಕೇ. ಗಾಡಿ ನಡುವಿನ ಸ್ಟೇಷನ್‌ಗಳಲ್ಲಿ ಅರ್ಧ ನಿಮಿಷ ನಿಂತರೆ ಹೆಚ್ಚು. ಬ್ಯಾಗು ಬೆನ್ನಿಗಲ್ಲ, ಎದೆಗೆ. ಇಳಿಯುವ ಸ್ಟೇಷನ್ನಿಗೆ ಒಂದು ಸ್ಟೇಷನ್ ಮೊದಲೇ ಎದ್ದು, ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆಂದು ಕೇಳಿ, ಮುಂದಿನವರಿಗೆ "ಅಂಧೇರಿ ಉತರ್ನಾ ಹೈ?" (ಅಂಧೇರಿಯಲ್ಲಿ ಇಳಿಯಬೇಕಾ?) ಅನ್ನಿ. ಹೌದೆಂದರೆ ಅವರ ಹಿಂದೆಯೇ ನಿಲ್ಲಿ, ಅಲ್ಲವೆಂದರೆ ಅವರನ್ನು ದಾಟಿ. ಸೀಟು ಬೇಕಿದ್ದರೆ ಕೂತವರನ್ನು "ಕಹಾಂ ಉತರೇಂಗೇ?" (ಎಲ್ಲಿ ಇಳಿಯುತ್ತೀರಿ?) ಅಂತ ಕೇಳಿ. ಮೊದಲು ಕೇಳಿದವರಿಗೆ ಆ ಸೀಟು ಮೀಸಲಾದಂತೆ, ಇಡೀ ಮಹಿಳಾ ಡಬ್ಬಿ ಈ ಕರಾರನ್ನು ಪಾಲಿಸುತ್ತದೆ. ಬೋರಿವಲಿಯಲ್ಲಿ ಮನೆ ಮಾಡಿದರೆ ಸಂಜೆ ಅಂಧೇರಿಯಿಂದ ವಿರಾರ್ ಫಾಸ್ಟ್ ಹತ್ತಬೇಡಿ. ವಿರಾರಿನವರು ಬಾಗಿಲು ತುಂಬಿ ನಿಂತಿರುತ್ತಾರೆ, ನಡುವೆ ಇಳಿಯುವವರನ್ನು ಕಂಡರೆ ಅವರಿಗಾಗದು. ಬೋರಿವಲಿಗೇ ಮುಗಿಯುವ ಗಾಡಿ ಹಿಡಿಯಿರಿ. ಸೆಕೆಂಡ್ ಕ್ಲಾಸ್ ಪಾಸಿನಲ್ಲಿ ಫಸ್ಟ್ ಕ್ಲಾಸಿಗೆ ಹತ್ತಿದರೂ ದಂಡವೇ, 250 ರೂಪಾಯಿ ಮತ್ತು ಮೇಲೆ ಟಿಕೆಟ್ಟಿನ ಹಣ. ಎರಡರ ಬಾಗಿಲೂ ಹತ್ತಿರ ಹತ್ತಿರ ಇರುವುದರಿಂದ ಹೊಸಬರು ಸಿಕ್ಕಿಬೀಳುತ್ತಾರೆ.

ಮನೆ ಕಾಗದದ ವಿಷಯಕ್ಕೆ ಬರೋಣ, ಪರದೆಯಲ್ಲಿ ಯಾರೂ ತೋರಿಸದ ಸಂಗತಿ. ಇಲ್ಲಿ ಮಾಡುವುದು ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಮನೆಯಲ್ಲಿರಲು ಮಾಲಕರು ಕೊಡುವ ಅನುಮತಿಯ ಕಾಗದ, ಸಾಮಾನ್ಯವಾಗಿ 11 ತಿಂಗಳಿಗೆ. ಡಿಪಾಸಿಟ್ ಎರಡರಿಂದ ನಾಲ್ಕು ತಿಂಗಳ ಬಾಡಿಗೆಯಷ್ಟು, ಬ್ರೋಕರ್‌ಗೆ ಒಂದು ತಿಂಗಳದು. ಹನ್ನೊಂದೇ ತಿಂಗಳಾದರೂ ನೋಂದಣಿ ಕಡ್ಡಾಯ: 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು, ಹೊಣೆ ಮಾಲಕರದ್ದು. ನೋಂದಣಿ ಆಗದೆ ವ್ಯಾಜ್ಯ ಎದ್ದರೆ, ಬೇರೆ ಪುರಾವೆ ಇಲ್ಲದಿದ್ದಾಗ ಬಾಡಿಗೆದಾರರು ಹೇಳಿದ ಷರತ್ತನ್ನೇ ನಿಜವೆಂದು ಹಿಡಿಯುತ್ತಾರೆ. "ನೋಟರಿ ಸಾಕು ಮೇಡಂ" ಎನ್ನುವ ಬ್ರೋಕರ್‌ಗೆ ಈ ಕಲಮು ಹೇಳಿ ನೋಡಿ. ಸ್ಟ್ಯಾಂಪ್ ಡ್ಯೂಟಿ ಒಟ್ಟು ಬಾಡಿಗೆಗೆ ಡಿಪಾಸಿಟ್ಟಿನ ವರ್ಷಕ್ಕೆ 10 ಶೇಕಡಾ ಬಡ್ಡಿ ಸೇರಿಸಿ, ಆ ಮೊತ್ತದ 0.25 ಶೇಕಡಾ. ಆಧಾರ್ ಬೆರಳಚ್ಚಿನ ಮೇಲೆ ಮನೆಯಲ್ಲೇ ಕೂತು ಮುಗಿಯುತ್ತದೆ. ಲಾಕ್-ಇನ್ (ನಡುವೆ ಮನೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು, ಬಿಡುವಾಗ ಪೇಂಟಿಂಗ್ ಹಣ ಹಿಡಿಯುತ್ತಾರೆಯೇ, ಇವೆರಡನ್ನು ಸಹಿಗೆ ಮೊದಲು ಓದಿ.

ಟೋಕನ್ ಮುಂಗಡ ಕೊಡುವ ಮೊದಲು ಕಟ್ಟಡದ ನಿವಾಸಿಗಳ ಸೊಸೈಟಿಯ ಕಟ್ಟಳೆ ಕೇಳಿ. ಒಂಟಿ ಹುಡುಗಿಗೆ ಕೊಡುವುದಿಲ್ಲ ಎನ್ನುವ ಕಟ್ಟಡಗಳಿವೆ. ಮೀನು ಬೇಯಿಸಬಾರದು ಎನ್ನುವವೂ ಇವೆ, ಕುಂದಾಪುರದವರಿಗೆ ಇದಕ್ಕಿಂತ ದೊಡ್ಡ ಷರತ್ತಿಲ್ಲ. ಆಮೇಲೆ ನೀರು: ಎಷ್ಟು ಗಂಟೆಗೆ, ಎಷ್ಟು ಹೊತ್ತು, ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುತ್ತಾರೆಯೇ. ಇದನ್ನು ಬ್ರೋಕರ್‌ನಲ್ಲಿ ಕೇಳಬೇಡಿ, ವಾಚ್‌ಮನ್ ಹತ್ತಿರ ಕೇಳಿ. ಬಚ್ಚಲಿನ ಮೇಲೆ ನೀರು ಹಿಡಿದಿಡುವ ಲಾಫ್ಟ್ ಟ್ಯಾಂಕ್ ಇದೆಯೇ ಎಂದು ತಲೆಯೆತ್ತಿ ನೋಡಿ. ಅದಿಲ್ಲದ ಮನೆಯಲ್ಲಿ ನೀವು ಆಫೀಸಿನಲ್ಲಿರುವಾಗ ನೀರು ಬಂದು ಹೋಗಿರುತ್ತದೆ.

ಮಳೆ. ಕುಂದಾಪುರದ ಮಳೆ ಕಂಡವರಿಗೆ ಇಲ್ಲಿನದು ಹೊಸತಲ್ಲ, ನೀರು ಇಳಿಯದೆ ನಿಲ್ಲುವುದು ಹೊಸತು. ಭರತದ ಹೊತ್ತಿಗೆ, ಅಂದರೆ ಸಮುದ್ರ ಉಬ್ಬಿದಾಗ, ಮಳೆನೀರಿನ ಚರಂಡಿಗಳ ಬಾಯಿ ಸಮುದ್ರಮಟ್ಟಕ್ಕಿಂತ ಕೆಳಗಾಗುವುದರಿಂದ ನೀರಿಗೆ ಹೋಗಲು ದಾರಿ ಇರುವುದಿಲ್ಲ. 26 ಜುಲೈ 2005ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಿತ್ತು. ಮಳೆಗಾಲದಲ್ಲಿ ಭರತದ ವೇಳೆ ಪತ್ರಿಕೆಯಲ್ಲಿ ಬರುತ್ತದೆ, 4.5 ಮೀಟರ್ ದಾಟುವ ದಿನ ಜೋರು ಮಳೆಯೂ ಇದ್ದರೆ ಆಫೀಸಿನಿಂದ ಬೇಗ ಹೊರಡಿ. ಅಂಧೇರಿ ಸಬ್‌ವೇ ಮೊದಲು ಮುಳುಗುತ್ತದೆ, ಅಂಥ ದಿನ ಗೋಖಲೆ ಸೇತುವೆಯ ದಾರಿ ಹಿಡಿಯಿರಿ.

ಊರಿನ ಮಾತು ಬೇಕೆನಿಸಿದರೆ ಮಾಟುಂಗಾದಲ್ಲಿ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್ ಇವೆ, ಕುರ್ಲಾದಲ್ಲಿ ಬಂಟರ ಸಂಘ ಇದೆ. ನಾಟಕ, ಯಕ್ಷಗಾನಕ್ಕೆ ಬರಗಾಲವಿಲ್ಲ.

ಊರಿನಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ರೈಲಿನಲ್ಲಿ ಬರುವುದಾದರೆ ಕುರ್ಲಾ ಟರ್ಮಿನಸ್‌ವರೆಗೆ ಹೋಗಬೇಡಿ, ಠಾಣೆಯಲ್ಲೇ ಇಳಿಯಿರಿ. ಅಲ್ಲಿಂದ ಲೋಕಲ್‌ನಲ್ಲಿ ಘಾಟ್ಕೋಪರ್, ಮುಂದೆ ಮೆಟ್ರೋ. ಗಾಡಿ ಮುಂಜಾನೆ ಬರುವುದರಿಂದ ಸಾಮಾನು ಹಿಡಿದು ಹತ್ತಲು ಜಾಗ ಇರುತ್ತದೆ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿ ಬೇರೆ, ತಡವಾಗುವುದೂ ಉಂಟು. ಎಂಟು ಗಂಟೆ ಮೀರಿತೆಂದರೆ ಠಾಣೆಯಲ್ಲೇ ತಿಂಡಿ ತಿಂದು, ಹತ್ತೂವರೆ ಆದ ಮೇಲೆ ಲೋಕಲ್ ಹತ್ತಿ.